ರಿಪೋರ್ಟ್ ನಾರ್ಮಲ್ ಅಂದರೆ ಆಳು ಗಟ್ಟಿ ಅಂತಲ್ಲ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸಣ್ಣ ವೈರಲ್ ಜ್ವರದ ನಂತರ ತಿಂಗಳುಗಟ್ಟಲೆ ಉಳಿಯುವ ಸುಸ್ತು, ನೋವು, ತಲೆಸುತ್ತು, ಮತ್ತು ಲ್ಯಾಬ್ ರಿಪೋರ್ಟ್ ಇಟ್ಟುಕೊಂಡು ಕೆಲಸಗಾರರನ್ನು ಸುಳ್ಳುಗಾರರನ್ನಾಗಿ ಮಾಡುತ್ತಿರುವ ಬಗ್ಗೆ.

ಮಾನ್ಯರೇ,

ನಾನು ದೊಡ್ಡಬಳ್ಳಾಪುರ ಕಡೆಯ ಒಂದು ಸಣ್ಣ ಖಾಸಗಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮೆಷಿನ್‌ಗೆ ಹಾಕುವುದು, ಬಂದ ಅಂಕಿಗಳನ್ನು ನೋಡಿ ಪ್ರಿಂಟ್ ಕೊಡುವುದು ನನ್ನ ಕೆಲಸ. ನಮ್ಮ ಸುತ್ತ ಗಾರ್ಮೆಂಟ್ಸ್‌ಗಳಿವೆ, ವಿದ್ಯುತ್ ಮಗ್ಗಗಳಿವೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿ ದುಡಿಯುವವರೇ. ನಾನು ಡಾಕ್ಟರ್ ಅಲ್ಲ. ಯಾರಿಗೆ ಯಾವ ಕಾಯಿಲೆ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ನಾನು ಕೊಡುವ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಆ ಕಾಗದ ಹೇಳದೇ ಇರುವ ಮಾತಿಗೆ ಅದನ್ನೇ ಸಾಕ್ಷಿ ಮಾಡಿ ನಿಲ್ಲಿಸುತ್ತಿದ್ದಾರೆ. ಈ ದೂರು ಅದರ ಮೇಲೆ.

ಒಂದು ಗಾರ್ಮೆಂಟ್ಸ್‌ನ ಫಿನಿಶಿಂಗ್ ಸೆಕ್ಷನ್‌ನಲ್ಲಿ ಚೆಕ್ಕರ್ ಆಗಿರುವ ಹೆಣ್ಣುಮಗಳೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಇನ್ನೂ ಮೂವತ್ತು ದಾಟಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರಿಗೆ ಮೂರು ನಾಲ್ಕು ದಿನ ಜ್ವರ, ಗಂಟಲು ನೋವು, ಮೈಕೈ ನೋವು ಬಂದಿತ್ತು. ಕೋವಿಡ್ ಇದ್ದಿರಬಹುದು, ಬೇರೆ ಫ್ಲೂ ಇದ್ದಿರಬಹುದು. ಈಗ ಅದನ್ನೆಲ್ಲ ಯಾರು ಟೆಸ್ಟ್ ಮಾಡಿಸುತ್ತಾರೆ? ಪ್ಯಾರಾಸಿಟಮಾಲ್ ತಿಂದು ಮಲಗಿದರು, ಜ್ವರ ಬಿಟ್ಟಿತು, ಕೆಲಸಕ್ಕೆ ಹೋದರು. ತೊಂದರೆ ಶುರುವಾಗಿದ್ದು ಆಮೇಲೆ. ಚೆಕ್ಕಿಂಗ್ ಟೇಬಲ್ ಮುಂದೆ ದಿನವಿಡೀ ನಿಂತೇ ಕೆಲಸ ಮಾಡಬೇಕು. ಅರ್ಧ ಗಂಟೆ ನಿಂತರೆ ಎದೆ ಡವಡವ ಅನ್ನುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಪೀಸ್ ನೋಡುತ್ತಿದ್ದರೂ ಎಲ್ಲಿ ಹೊಲಿಗೆ ಬಿಟ್ಟಿದೆ ಅನ್ನುವುದು ತಲೆಗೆ ಹೋಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಒಂದು ದಿನ ಪ್ರೊಡಕ್ಷನ್ ಮುಗಿಸಿದರೆ ಮಾರನೇ ದಿನ, ಅದರ ಮಾರನೇ ದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ.

ಡಾಕ್ಟರ್ ಚೀಟಿ ಬರೆದರು. ಸಿಬಿಸಿ, ಶುಗರ್, ಥೈರಾಯ್ಡ್ ಮಾಡಿದೆವು. ಎಲ್ಲವೂ ನಾರ್ಮಲ್. ಹಿಮೋಗ್ಲೋಬಿನ್ ಕೂಡ ಸರಿಯಾಗೇ ಇತ್ತು. ರಿಪೋರ್ಟನ್ನು ಅವರು ಫ್ಯಾಕ್ಟರಿಗೆ ತೆಗೆದುಕೊಂಡು ಹೋದರು. ಅಲ್ಲಿ ಅವರಿಗೆ ಸಿಕ್ಕ ಮಾತು, "ಎಲ್ಲಾ ನಾರ್ಮಲ್ ಇದೆಯಲ್ಲಮ್ಮ, ಇನ್ನೇನು ನಾಟಕ?" ಕೆಲವು ವಾರ ಬಿಟ್ಟು ಇನ್ನೊಂದು ಚೀಟಿ ಹಿಡಿದು ಬಂದರು. ಇಎಸ್‌ಆರ್, ಸಿಆರ್‌ಪಿ, ಬಿ12. ಅವೂ ನಾರ್ಮಲ್. ಕವರ್ ಕೈಗೆ ತೆಗೆದುಕೊಂಡು ಅವರು ಮೆಲ್ಲಗೆ ಕೇಳಿದರು. "ಅಣ್ಣಾ, ಏನಾದ್ರೂ ಒಂದು ಕಮ್ಮಿ ಇದೆ ಅಂತ ಬರೆದುಕೊಡಕ್ಕೆ ಆಗಲ್ವಾ?"

ಮಾನ್ಯರೇ, ನನ್ನ ಕಸುಬಿನಲ್ಲಿ ರಿಪೋರ್ಟ್ ಚೆನ್ನಾಗಿ ಬರಲಿ ಅಂತ ದೇವರಿಗೆ ಕೈ ಮುಗಿಯುವವರನ್ನು ದಿನಾ ನೋಡುತ್ತೇನೆ. ಕೆಟ್ಟದಾಗಿ ಬರಲಿ ಅಂತ ಬೇಡುವ ಸ್ಥಿತಿಗೆ ಒಬ್ಬ ಮನುಷ್ಯರನ್ನು ನಾವು ತಂದಿದ್ದೇವೆ ಅಂದರೆ, ತಪ್ಪು ಆ ಹೆಣ್ಣುಮಗಳದ್ದಲ್ಲ.

ಇದು ಒಬ್ಬರ ಕಥೆಯಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಮಗ್ಗದ ಕೆಲಸದವರೊಬ್ಬರಿಗೆ ಚಿಕುನ್‌ಗುನ್ಯಾ ಬಂದು ಹೋಗಿ ತಿಂಗಳುಗಳೇ ಕಳೆದಿದ್ದವು. ಜ್ವರ ವಾರದೊಳಗೆ ಬಿಟ್ಟಿತ್ತು. ಬೆರಳಿನ ಗಿಣ್ಣುಗಳ ನೋವು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದಾಗ ಮುಷ್ಟಿ ಮುಚ್ಚಲು ಆಗುತ್ತಿರಲಿಲ್ಲ. ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕಬೇಕಲ್ವಾ? ಆ ಬೆರಳುಗಳಲ್ಲಿ ಗಂಟು ಹಾಕುವುದು ಹೇಗೆ? ಕೀಲುವಾತ ಇದೆಯೇ ಅಂತ ನೋಡುವ ಆರ್‌ಎ ಫ್ಯಾಕ್ಟರ್, ಯೂರಿಕ್ ಆಸಿಡ್ ಎರಡೂ ಅವರಿಗೆ ನಾರ್ಮಲ್. ಮಾಲೀಕರು ಆ ಮಗ್ಗಕ್ಕೆ ಬೇರೆಯವರನ್ನು ಹಾಕಿಕೊಂಡರು. ಡೆಂಗ್ಯೂ ಬಂದು ಪ್ಲೇಟ್‌ಲೆಟ್ ಸರಿಹೋದ ಮೇಲೂ ಮೆಟ್ಟಿಲು ಹತ್ತಲಾಗದವರು, ಫ್ಲೂ ಬಿಟ್ಟು ಎರಡು ತಿಂಗಳಾದರೂ ಕೆಮ್ಮು ಬಿಡದವರು, ಕೋವಿಡ್ ಆದಾಗಿನಿಂದ ಸಾರಿನ ವಾಸನೆಯೇ ಗೊತ್ತಾಗದವರು, ಇವರೆಲ್ಲ ನಮ್ಮ ಬೆಂಚಿನ ಮೇಲೆ ಕೂತು ಹೋದವರು.

ನಮ್ಮ ಪರೀಕ್ಷೆ ಏನನ್ನು ಅಳೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಸಿಬಿಸಿ ಅಂದರೆ ರಕ್ತದ ಕಣಗಳ ಲೆಕ್ಕ. ಕೆಂಪು ಕಣ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಬಿಳಿ ಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ಅಷ್ಟೇ. ರಕ್ತಹೀನತೆ, ಸೋಂಕು, ಕೆಲವು ರಕ್ತದ ಕಾಯಿಲೆಗಳ ಸುಳಿವು ಅದರಲ್ಲಿ ಸಿಗುತ್ತದೆ. ಸಿಆರ್‌ಪಿ, ಇಎಸ್‌ಆರ್ ಎರಡೂ ಮೈಯಲ್ಲಿ ಜೋರಾದ ಉರಿಯೂತ ಇದೆಯೇ ಅಂತ ಹೇಳುತ್ತವೆ. ಟಿಎಸ್‌ಎಚ್ ಥೈರಾಯ್ಡ್ ವಿಷಯ ಹೇಳುತ್ತದೆ. ಇವು ಯಾವುವೂ ನರಗಳು ಎದೆಬಡಿತವನ್ನು ಹೇಗೆ ನಡೆಸುತ್ತಿವೆ, ಸ್ನಾಯುವಿನೊಳಗೆ ಶಕ್ತಿ ಹೇಗೆ ಹುಟ್ಟುತ್ತಿದೆ, ಕೀಲಿನ ಒಳಗೆ ಏನು ನಡೆಯುತ್ತಿದೆ ಅಂತ ಹೇಳುವುದಿಲ್ಲ. ಹಾಲು ಹುಳಿಯಾಗಿದೆಯೋ ಇಲ್ಲವೋ ಅಂತ ತಕ್ಕಡಿಯಲ್ಲಿಟ್ಟು ನೋಡಿದರೆ ತೂಕ ಸರಿಯಾಗೇ ತೋರಿಸುತ್ತೆ.

ಇನ್ನೊಂದು ವಿಷಯ. ರಕ್ತ ತೆಗೆಯುವಾಗ ನಾವು ಜನರನ್ನು ಕೂರಿಸುತ್ತೇವೆ. ಬಿಪಿ ನೋಡುವಾಗಲೂ ಕೂರಿಸಿ, ಐದು ನಿಮಿಷ ಸುಧಾರಿಸಿಕೊಳ್ಳಿ ಅನ್ನುತ್ತೇವೆ. ಇಸಿಜಿಗೆ ಮಲಗಿಸುತ್ತಾರೆ. ಆ ಚೆಕ್ಕರ್ ಅವರ ತೊಂದರೆ ಬರುತ್ತಿದ್ದುದು ನಿಂತಾಗ, ದುಡಿದ ಮೇಲೆ, ಅದೂ ಒಂದು ದಿನ ತಡವಾಗಿ. ಕೂತಾಗ ಹುಡುಕಿದರೆ ನಿಂತಾಗ ಬರುವ ಕಾಯಿಲೆ ಸಿಗುವುದಾದರೂ ಹೇಗೆ?

ಸಣ್ಣ ಜ್ವರ ಬಿಟ್ಟ ಮೇಲೂ ತೊಂದರೆ ಯಾಕೆ ಉಳಿಯುತ್ತದೆ? ಇದು ಹೊಸ ಪ್ರಶ್ನೆಯಲ್ಲ, ಕೋವಿಡ್ ಜೊತೆ ಹುಟ್ಟಿದ್ದೂ ಅಲ್ಲ. 2006ನೇ ಇಸವಿಯನ್ನು ನೆನಪಿಸಿಕೊಳ್ಳಿ. ಆ ವರ್ಷ ನಮ್ಮ ರಾಜ್ಯವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಚಿಕುನ್‌ಗುನ್ಯಾ ಶಂಕಿತ ಪ್ರಕರಣ ದಾಖಲಾದವು. ದೇಶದಲ್ಲೇ ಜಾಸ್ತಿ ಪೆಟ್ಟು ತಿಂದವರಲ್ಲಿ ನಾವೂ ಒಬ್ಬರು. ಊರಿಗೆ ಊರೇ ಸೊಂಟ ಹಿಡಿದುಕೊಂಡು ಕುಂಟುತ್ತಿದ್ದುದನ್ನು ನೋಡಿದವರು ಇನ್ನೂ ಇದ್ದಾರೆ. ಕೆಲವರಿಗೆ ಆ ಕೀಲುನೋವು ವರ್ಷಗಟ್ಟಲೆ ಬಿಡಲಿಲ್ಲ. ಆಗ ಯಾರೂ ಯಾರಿಗೂ ನಾಟಕ ಅನ್ನಲಿಲ್ಲ. ಯಾಕೆಂದರೆ ಮಾಲೀಕರಿಗೂ ಬಂದಿತ್ತು, ಡಾಕ್ಟರಿಗೂ ಬಂದಿತ್ತು.

ಅದೇ 2006ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಧ್ಯಯನ ಹೊರಬಂತು. ಡಬ್ಬೊ ಅಂತ ನ್ಯೂ ಸೌತ್ ವೇಲ್ಸ್‌ನ ಹಳ್ಳಿಗಾಡಿನ ನಡುವಿನ ಪಟ್ಟಣ. ಅಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಮೊದಲ ದಿನಗಳಿಂದಲೇ ಹಿಂಬಾಲಿಸಿದರು. ಒಂದು ಎಪ್‌ಸ್ಟೀನ್ ಬಾರ್ ವೈರಸ್, ಇನ್ನೊಂದು ರಾಸ್ ರಿವರ್ ವೈರಸ್, ಮೂರನೆಯದು ಕ್ಯೂ ಫೀವರ್, ಅದು ವೈರಸ್ಸೇ ಅಲ್ಲ, ಬ್ಯಾಕ್ಟೀರಿಯಾ. ಆರು ತಿಂಗಳಾದ ಮೇಲೆ ನೋಡಿದರೆ ನೂರಕ್ಕೆ ಸುಮಾರು 12 ಜನರಿಗೆ ದುಡಿಯಲಾರದಷ್ಟು ಸುಸ್ತು ಉಳಿದಿತ್ತು. ರೋಗಾಣು ಯಾವುದಾದರೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಯಾರಿಗೆ ಉಳಿಯುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸಿದ್ದು ಶುರುವಿನ ಕಾಯಿಲೆ ಎಷ್ಟು ಜೋರಾಗಿತ್ತು ಅನ್ನುವುದೇ. ಗಂಡೋ ಹೆಣ್ಣೋ, ಮನಸ್ಸು ಗಟ್ಟಿಯೋ ಮೆತ್ತಗೋ ಅನ್ನುವುದು ಅಲ್ಲ. "ಧೈರ್ಯ ತಗೋಮ್ಮಾ, ಎಲ್ಲಾ ಮನಸ್ಸಲ್ಲೇ ಇರೋದು" ಅಂತ ಹೇಳಿ ಕಳಿಸುವವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು. ಅಂದಹಾಗೆ ಆ ರಾಸ್ ರಿವರ್ ವೈರಸ್ ಕೂಡ ಸೊಳ್ಳೆಯಿಂದಲೇ ಬರುವುದು. ನಮ್ಮ ಚಿಕುನ್‌ಗುನ್ಯಾ ವೈರಸ್‌ನ ಹತ್ತಿರದ ನೆಂಟ.

ಜ್ವರ ಜೋರಾಗಿದ್ದವರಿಗೆ ಅಪಾಯ ಜಾಸ್ತಿ ಅನ್ನುವುದು ನಿಜವಾದರೆ ಸಣ್ಣ ಜ್ವರದವರ ಮಾತು ಯಾಕೆ ಅಂತ ನೀವು ಕೇಳಬಹುದು. ಲೆಕ್ಕ ಸರಳ. ಆಸ್ಪತ್ರೆ ಸೇರುವವರು ಕೆಲವರು, ಮನೆಯಲ್ಲೇ ಮಲಗಿ ಏಳುವವರು ಲಕ್ಷಾಂತರ. ಆ ಲಕ್ಷಾಂತರದಲ್ಲಿ ಸಣ್ಣ ಪಾಲಿಗೆ ತೊಂದರೆ ಉಳಿದರೂ ಒಟ್ಟು ಸಂಖ್ಯೆ ದೊಡ್ಡದೇ. ಕೋವಿಡ್ ನಂತರ ದೀರ್ಘಕಾಲ ನರಳಿದವರಲ್ಲಿ ಬಹುಪಾಲು ಜನ ಆಸ್ಪತ್ರೆ ಮೆಟ್ಟಿಲು ಹತ್ತಿದವರೇ ಅಲ್ಲ. ಅದಕ್ಕೇ ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಕಾರಣ ಒಂದೇ ಅಂತ ಯಾವ ವಿಜ್ಞಾನಿಯೂ ಹೇಳುತ್ತಿಲ್ಲ. ಗೊತ್ತಾಗಿರುವ ಕೆಲವು ದಾರಿಗಳಿವೆ. ಒಂದು, ವೈರಸ್‌ನ ಚೂರುಗಳು ಮೈಯಲ್ಲಿ ಉಳಿದುಬಿಡುವುದು. ಚಿಕುನ್‌ಗುನ್ಯಾದಲ್ಲಿ ಕೀಲಿನ ಒಳಪದರದಲ್ಲಿ, ಕೋವಿಡ್‌ನಲ್ಲಿ ಕರುಳಿನಂಥ ಜಾಗದಲ್ಲಿ, ಜ್ವರ ಬಿಟ್ಟು ತಿಂಗಳುಗಳ ನಂತರವೂ ಕೆಲವರಲ್ಲಿ ಅವು ಸಿಕ್ಕಿವೆ. ರೋಗನಿರೋಧಕ ಶಕ್ತಿ ಅವುಗಳ ವಿರುದ್ಧ ಜಗಳ ಮುಂದುವರಿಸುತ್ತದೆ. ಇನ್ನೊಂದು, ಆ ಶಕ್ತಿಯೇ ದಾರಿ ತಪ್ಪಿ ನಮ್ಮದೇ ಅಂಗಗಳ ಮೇಲೆ ತಿರುಗುವುದು. ಹಿಂದೆ ಯಾವಾಗಲೋ ಬಂದು ಮೈಯಲ್ಲೇ ಮಲಗಿದ್ದ ಎಪ್‌ಸ್ಟೀನ್ ಬಾರ್‌ನಂಥ ಹಳೆಯ ವೈರಸ್ ಮತ್ತೆ ಏಳುವುದೂ ಉಂಟು.

ನರಗಳ ಕಥೆ ಬೇರೆ. ನಾವು ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ನಮಗೆ ಗೊತ್ತೇ ಆಗದಂತೆ ಕೆಲಸ ಮಾಡುವ ನರಗಳು ರಕ್ತನಾಳಗಳನ್ನು ಬಿಗಿ ಮಾಡಿ ಅದನ್ನು ಮೇಲಕ್ಕೆ ತಳ್ಳುತ್ತವೆ. ಸೋಂಕಿನ ನಂತರ ಕೆಲವರಲ್ಲಿ ಈ ವ್ಯವಸ್ಥೆ ಹದ ತಪ್ಪುತ್ತದೆ. ಆಗ ಹೃದಯ ಆ ಕೊರತೆ ತುಂಬಲು ಓಡಲು ಶುರು ಮಾಡುತ್ತದೆ. ದೊಡ್ಡವರಲ್ಲಿ ನಿಂತ 10 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಬಿಪಿ ಅಷ್ಟಾಗಿ ಇಳಿಯದೆ ಇದ್ದು, ಈ ತೊಂದರೆ ತಿಂಗಳುಗಟ್ಟಲೆ ನಡೆದರೆ ಅದಕ್ಕೆ ಪಾಟ್ಸ್ ಅಂತ ಹೆಸರೇ ಇದೆ. ಇದನ್ನು ಹಿಡಿಯಲು ದೊಡ್ಡ ಮೆಷಿನ್ ಬೇಡ. ಒಂದು ಬಿಪಿ ಯಂತ್ರ, ಒಂದು ಗಡಿಯಾರ, ಒರಗಿ ನಿಲ್ಲಲು ಒಂದು ಗೋಡೆ ಇದ್ದರೆ ಸಾಕು. ಮಲಗಿಸಿ ಒಮ್ಮೆ ನೋಡಿ, ನಿಲ್ಲಿಸಿ 10 ನಿಮಿಷ ನೋಡುತ್ತಾ ಹೋದರೆ ಆಯಿತು. ಬಿದ್ದುಬಿಟ್ಟಾರು ಅಂತ ಪಕ್ಕದಲ್ಲಿ ಒಬ್ಬರು ಇರಬೇಕು, ಅಷ್ಟೇ. ಆ ಚೆಕ್ಕರ್ ನಮ್ಮಲ್ಲಿಗೆ ಬರುತ್ತಿದ್ದ ಅಷ್ಟೂ ಕಾಲ ಯಾರೂ ಅವರನ್ನು ನಿಲ್ಲಿಸಿ ನೋಡಿರಲಿಲ್ಲ.

ದುಡಿದ ಮಾರನೇ ದಿನ ಮೈ ಮುರಿದು ಬೀಳುವ ವಿಷಯಕ್ಕೆ ಬರುತ್ತೇನೆ. ಇದನ್ನು ಎಲ್ಲರೂ ಸೋಮಾರಿತನ ಅನ್ನುತ್ತಾರೆ. 2024ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಲಾಂಗ್ ಕೋವಿಡ್ (ಕೋವಿಡ್ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ) ಇದ್ದ 25 ಜನರಿಗೂ, ಕೋವಿಡ್ ಬಂದು ಪೂರ್ತಿ ಗುಣವಾದ ಕೆಲವರಿಗೂ ಸ್ವಲ್ಪ ಹೊತ್ತು ಸೈಕಲ್ ತುಳಿಸಿ, ಮೊದಲು ಮತ್ತು ಆಮೇಲೆ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಕಾಯಿಲೆ ಇದ್ದವರ ಸ್ನಾಯುವಿನಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳ ಕೆಲಸ ಕುಂದಿತ್ತು. ಸೈಕಲ್ ತುಳಿದ ಮೇಲೆ ಸ್ನಾಯುವಿಗೆ ಪೆಟ್ಟಾಗಿದ್ದು ಸೂಕ್ಷ್ಮದರ್ಶಕದಲ್ಲಿ ಕಾಣುವಂತಿತ್ತು. ಇಂಥವರಿಗೆ "ವಾಕಿಂಗ್ ಮಾಡಿ, ದಿನಾ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ, ಸರಿಹೋಗುತ್ತೆ" ಅನ್ನುವುದು ಎಲ್ಲ ಕಡೆ ಚಾಲ್ತಿಯಲ್ಲಿರುವ ಸಲಹೆ. ಇದೇ ಬಗೆಯ ದೀರ್ಘ ಸುಸ್ತಿನ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರಲ್ಲೇ ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿದೆ. ನಮ್ಮ ಫ್ಲೋರ್ ಇನ್‌ಚಾರ್ಜ್‌ಗಳು ಮಾತ್ರ ಓವರ್‌ಟೈಮ್ ರೂಪದಲ್ಲಿ ಅದನ್ನು ಈಗಲೂ ಕೊಡುತ್ತಿದ್ದಾರೆ.

ಹಾಗಂತ ಜ್ವರದ ನಂತರದ ಸುಸ್ತೆಲ್ಲ ಇದೇ ಅಂತ ನಾನು ಹೇಳುವುದಿಲ್ಲ. ಟೆಸ್ಟ್ ಬೇಡ ಅನ್ನುವುದೂ ಇಲ್ಲ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ನಿಮಗೇ ಗೊತ್ತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಟಿಬಿ ಬಿಟ್ಟುಹೋಗಬಾರದು. ತೂಕ ಇಳಿದರೆ, ಜ್ವರ ಮತ್ತೆ ಮತ್ತೆ ಬಂದರೆ, ಎದೆನೋವು ಬಂದರೆ ಬೇರೆಯದನ್ನೇ ಹುಡುಕಬೇಕು. ನಾನು ಹೇಳುವುದು ಇಷ್ಟು. ಇವೆಲ್ಲ ಇಲ್ಲ ಅಂತ ಗೊತ್ತಾದ ಮೇಲೆ ವೈದ್ಯರ ಕೆಲಸ ಮುಗಿಯುವುದಿಲ್ಲ. ಅಲ್ಲಿಂದ ಶುರುವಾಗುತ್ತದೆ.

ಈಗ ಏನಾಗುತ್ತಿದೆ ಅಂದರೆ, ಕಾಯಿಲೆಗೆ ಹೆಸರಿಲ್ಲದ ಕಡೆ ವ್ಯಾಪಾರ ಬಂದು ಕೂತಿದೆ. ಇದನ್ನು ಬರೆದರೆ ನನ್ನ ಅನ್ನಕ್ಕೇ ಕಲ್ಲು, ಆದರೂ ಬರೆಯುತ್ತೇನೆ. ಒಂದೇ ಮನುಷ್ಯರಿಗೆ ಅದದೇ ಟೆಸ್ಟುಗಳನ್ನು ಬೇರೆ ಬೇರೆ ಕ್ಲಿನಿಕ್‌ಗಳು ಬರೆಯುತ್ತವೆ. ಕೊನೆಗೆ ಯಾರೋ ವಿಡಾಲ್ ಅನ್ನುವ ಟೈಫಾಯ್ಡ್ ರಕ್ತಪರೀಕ್ಷೆ ಬರೆಯುತ್ತಾರೆ. ಟೈಫಾಯ್ಡ್ ಓಡಾಡುವ ನಮ್ಮಂಥ ಊರುಗಳಲ್ಲಿ ಆರೋಗ್ಯವಾಗಿರುವವರ ರಕ್ತದಲ್ಲೂ ವಿಡಾಲ್ ಅಲ್ಪಸ್ವಲ್ಪ ಪಾಸಿಟಿವ್ ಬರುತ್ತದೆ. ಒಂದೇ ಸಲದ ವಿಡಾಲ್ ನಂಬಿ ಟೈಫಾಯ್ಡ್ ಅನ್ನಬಾರದು ಅಂತ ನಮಗೆ ಡಿಪ್ಲೊಮಾದಲ್ಲೇ ಕಲಿಸಿದ್ದಾರೆ. ಆದರೂ 1:80 ಅಂತ ಬಂದರೆ ಸಾಕು, "ಟೈಫಾಯ್ಡ್ ಒಳಗೇ ಉಳಿದುಕೊಂಡಿದೆ" ಅಂತ ಆಂಟಿಬಯಾಟಿಕ್ ಶುರು. ವೈರಸ್ ಮೇಲೆ ಆಂಟಿಬಯಾಟಿಕ್ ಏನೂ ಮಾಡಲ್ಲ. ಅದರ ಹಿಂದೆಯೇ ಗ್ಲೂಕೋಸ್ ಬಾಟಲಿ, ಹಳದಿ ಬಣ್ಣದ ವಿಟಮಿನ್ ಇಂಜೆಕ್ಷನ್, ಕೀಲುನೋವಿಗೆ ಹೆಸರು ಹೇಳದೆ ಪೊಟ್ಟಣದಲ್ಲಿ ಕಟ್ಟಿಕೊಡುವ ಸ್ಟೀರಾಯ್ಡ್ ಮಾತ್ರೆ. ಆ ಮಾತ್ರೆಗೆ ಎರಡು ದಿನದಲ್ಲಿ ಹಾಯ್ ಅನ್ನಿಸುತ್ತೆ. ತಿಂಗಳುಗಟ್ಟಲೆ ನುಂಗಿದವರ ಶುಗರ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಾನು ನಮ್ಮ ಮೆಷಿನ್‌ನಲ್ಲಿ ನೋಡಿದ್ದೇನೆ.

ಸರ್ಕಾರಕ್ಕೆ ಇದೆಲ್ಲ ಗೊತ್ತೇ ಇಲ್ಲ ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿಗೆ ವ್ಯಾಖ್ಯೆ ಕೊಟ್ಟಿತು. ಸಾಮಾನ್ಯವಾಗಿ ಸೋಂಕು ಶುರುವಾಗಿ 3 ತಿಂಗಳಾದಾಗ ಇರುವ, ಕನಿಷ್ಠ 2 ತಿಂಗಳು ಕಾಡುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಸುಸ್ತು, ಏದುಸಿರು, ತಲೆ ಮಂಕಾಗುವುದು ಅದರಲ್ಲಿ ಮುಖ್ಯ. ಆ ವ್ಯಾಖ್ಯೆಯಲ್ಲಿ "ರಕ್ತ ಪರೀಕ್ಷೆ ಕೆಟ್ಟದಾಗಿರಬೇಕು" ಅನ್ನುವ ಷರತ್ತು ಎಲ್ಲೂ ಇಲ್ಲ. ಅದೇ ವರ್ಷ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಕೋವಿಡ್ ನಂತರದ ತೊಂದರೆಗಳ ಬಗ್ಗೆ ಮಾರ್ಗಸೂಚಿ ತಂದಿತು. ಕಾಗದ ಇದೆ. ಅದು ತಾಲ್ಲೂಕಿನ ಡಾಕ್ಟರ ಟೇಬಲ್ ಮೇಲೆ ಇಲ್ಲ. ಕೋವಿಡ್ ಹೋಯಿತು ಅಂತ ಅದೂ ಹೋಯಿತು. ಚಿಕುನ್‌ಗುನ್ಯಾ, ಡೆಂಗ್ಯೂ, ಫ್ಲೂ ಆದವರಿಗಂತೂ ಜ್ವರ ಬಿಟ್ಟ ದಿನಕ್ಕೇ ಫೈಲ್ ಕ್ಲೋಸ್. ಮಲೆನಾಡಿನವರನ್ನು ಕೇಳಿ ನೋಡಿ. ಮಂಗನ ಕಾಯಿಲೆಯಿಂದ ಉಳಿದುಕೊಂಡವರು ತೋಟಕ್ಕೆ ಇಳಿಯಲು ತಿಂಗಳುಗಳೇ ಬೇಕಾಗಬಹುದು ಅಂತ ಅಲ್ಲಿಯ ಮನೆಮನೆಗೂ ಗೊತ್ತು. ಜ್ವರ ಬಿಟ್ಟ ಮೇಲೆ ಪಥ್ಯ, ಗಂಜಿ, ಮನೆಯಿಂದ ಆಚೆ ಬಿಡದೆ ಸುಧಾರಿಸಿಕೊಳ್ಳಲು ಕೊಡುವ ದಿನಗಳು, ಇವೆಲ್ಲ ಹಿಂದೆ ಮನೆಯ ಹಿರಿಯರ ಜವಾಬ್ದಾರಿ. ಪ್ರೊಡಕ್ಷನ್ ಟಾರ್ಗೆಟ್ ಬಂದ ಮೇಲೆ ಆ ದಿನಗಳನ್ನು ಕೊಡುವುದು ಅವರ ಕೈಯಲ್ಲಿಲ್ಲ. ಈಗ ಅದು ಕಾನೂನಿನ ಕೈಯಲ್ಲಿದೆ, ಅಂದರೆ ನಿಮ್ಮ ಕೈಯಲ್ಲಿ.

ಆರೋಗ್ಯ ಸಚಿವರಲ್ಲಿ ನನ್ನ ಕೋರಿಕೆ ಇದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಸರ್ಕಾರದ 'ನಮ್ಮ ಕ್ಲಿನಿಕ್'ಗಳಿಗೆ, ತಾಲ್ಲೂಕು ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಿ. ಎರಡೇ ಪುಟ ಇರಲಿ, ಜಾಸ್ತಿ ಇದ್ದರೆ ಯಾರೂ ಓದಲ್ಲ. ಜ್ವರದ ನಂತರ ಸುಸ್ತು ಅಂತ ಬಂದವರಿಗೆ ಎರಡು ಪ್ರಶ್ನೆ ಕಡ್ಡಾಯವಾಗಿ ಕೇಳಲಿ. ನಿಂತಾಗ ಜಾಸ್ತಿ ಆಗುತ್ತಾ? ದುಡಿದ ಮಾರನೇ ದಿನ ಜಾಸ್ತಿ ಆಗುತ್ತಾ? ಮೊದಲನೆಯದಕ್ಕೆ ಹೌದು ಅಂದರೆ ಆ 10 ನಿಮಿಷದ ನಿಂತ ಪರೀಕ್ಷೆ ಅಲ್ಲೇ ಮಾಡಲಿ. ಎರಡನೆಯದಕ್ಕೆ ಹೌದು ಅಂದರೆ ವ್ಯಾಯಾಮ ಬರೆದುಕೊಡುವ ಮೊದಲು ಯೋಚಿಸಲಿ. ದಿನದ ಕೆಲಸವನ್ನು ತುಂಡು ತುಂಡು ಮಾಡಿಕೊಳ್ಳುವುದು, ಸುಸ್ತಾಗುವ ಮುಂಚೆಯೇ ಕೂರುವುದು, ಸ್ವಲ್ಪ ಚೆನ್ನಾಗಿದೆ ಅನ್ನಿಸಿದ ದಿನ ಬಾಕಿ ಕೆಲಸವೆಲ್ಲ ಮುಗಿಸಲು ಹೋಗದಿರುವುದು, ಇವನ್ನು ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಕೊಡಿ. ಇದಕ್ಕೆ ಖರ್ಚು ಕಾಗದದ್ದಷ್ಟೇ.

ಜೊತೆಗೆ ಲೆಕ್ಕ ಇಡಿ. ಡೆಂಗ್ಯೂ, ಚಿಕುನ್‌ಗುನ್ಯಾ ಪಾಸಿಟಿವ್ ಬಂದರೆ ನಮ್ಮಂಥ ಲ್ಯಾಬ್‌ಗಳು ಹೆಸರು, ಊರು, ಫೋನ್ ನಂಬರ್ ಸಮೇತ ಇಲಾಖೆಗೆ ತಿಳಿಸುತ್ತವೆ. ಲಾರ್ವಾ ನೋಡಲು ಸಿಬ್ಬಂದಿ ಮನೆಗೂ ಬರುತ್ತಾರೆ. 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ನೀವೇ ಘೋಷಿಸಿದಿರಿ, ನೀರು ನಿಲ್ಲಿಸಿದವರಿಗೆ ದಂಡ ಅಂತಲೂ ಹೇಳಿದಿರಿ. ಅದೇ ಪಟ್ಟಿ ಹಿಡಿದು ಮೂರು ತಿಂಗಳಿಗೆ ಒಂದು ಫೋನ್ ಮಾಡಿ ಕೇಳಿದರೆ ಸಾಕು. "ಈಗ ಹೇಗಿದ್ದೀರಿ, ಕೆಲಸಕ್ಕೆ ಹೋಗಲು ಆಗ್ತಿದೆಯಾ?" ಕರ್ನಾಟಕದಲ್ಲಿ ಎಷ್ಟು ಜನ ಜ್ವರ ಬಿಟ್ಟೂ ಹುಷಾರಾಗಿಲ್ಲ ಅನ್ನುವ ಲೆಕ್ಕ ಒಂದೇ ವರ್ಷದಲ್ಲಿ ನಿಮ್ಮ ಕೈಗೆ ಬರುತ್ತದೆ.

ಕಾರ್ಮಿಕ ಸಚಿವರೇ, ನಿಮ್ಮಲ್ಲಿ ಕೋರುವುದು ಸ್ವಲ್ಪ ಜಾಸ್ತಿ ಇದೆ. ಗಾರ್ಮೆಂಟ್ಸ್‌ನವರ ಸಂಬಳದಲ್ಲಿ ಪ್ರತಿ ತಿಂಗಳೂ 0.75 ಪರ್ಸೆಂಟ್ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಹೋಗುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಪರ್ಸೆಂಟ್ ಸಿಗಬೇಕು ಅನ್ನುವುದು ನಿಯಮ. ಅದಕ್ಕೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ಆ ಡಾಕ್ಟರು ನೋಡುವುದು ಮತ್ತೆ ನನ್ನ ರಿಪೋರ್ಟನ್ನೇ. ನಾರ್ಮಲ್ ಇದ್ದರೆ ಕೆಲಸಕ್ಕೆ ಫಿಟ್ ಅಂತ ಬರೆದುಬಿಡುತ್ತಾರೆ. ರಕ್ತದ ರಿಪೋರ್ಟ್ ಒಂದನ್ನೇ ನೋಡಿ ಫಿಟ್ ಅಂತ ಬರೆಯಬಾರದು ಅಂತ ರಾಜ್ಯದ ಇಎಸ್‌ಐ ವೈದ್ಯಕೀಯ ಸೇವೆಗಳ ಇಲಾಖೆಯಿಂದ ಆದೇಶ ಕೊಡಿಸಿ. ಫಿಟ್ ಮತ್ತು ಅನ್‌ಫಿಟ್ ನಡುವೆ ಇನ್ನೊಂದು ಜಾಗ ಬೇಕು. ಕೆಲವು ವಾರ ಅರ್ಧ ದಿನದ ಕೆಲಸ, ಅಥವಾ ಕೂತು ಮಾಡುವ ಕೆಲಸ ಅಂತ ಡಾಕ್ಟರು ಬರೆಯುವಂತಾಗಲಿ, ಫ್ಯಾಕ್ಟರಿ ಅದನ್ನು ಒಪ್ಪುವಂತಾಗಲಿ. ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್‌ನಲ್ಲೇ ಬಂದ ಮಾತು. ಚೆಕ್ಕಿಂಗ್ ಟೇಬಲ್‌ಗಳ ಪಕ್ಕ ಎಷ್ಟು ಸ್ಟೂಲ್ ಇವೆ ಅಂತ ನಿಮ್ಮ ಇನ್‌ಸ್ಪೆಕ್ಟರ್‌ಗಳು ಒಮ್ಮೆ ಎಣಿಸಿಕೊಂಡು ಬರಲಿ.

91 ದಿನ ಮುಗಿದ ಮೇಲೂ ಹುಷಾರಾಗದವರಿದ್ದಾರೆ. ಇಎಸ್‌ಐನಲ್ಲಿ 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ 80 ಪರ್ಸೆಂಟ್ ಕೊಡುವ ಪಟ್ಟಿ ಇದೆ. ಟಿಬಿ, ಕ್ಯಾನ್ಸರ್, ಪಾರ್ಶ್ವವಾಯು ಎಲ್ಲ ಅದರಲ್ಲಿವೆ. ಸೋಂಕಿನ ನಂತರದ ಈ ಕಾಯಿಲೆ ಇಲ್ಲ. ಪಟ್ಟಿ ಕೇಂದ್ರದ್ದು ಅಂತ ನೀವು ಹೇಳಬಹುದು, ಸರಿ. ಆದರೆ ಇಎಸ್‌ಐ ನಡೆಸುವ ನಿಗಮದಲ್ಲಿ ರಾಜ್ಯಕ್ಕೂ ಒಬ್ಬ ಪ್ರತಿನಿಧಿ ಇದ್ದಾರಲ್ಲ? ಅವರ ಮೂಲಕ ಈ ವಿಷಯ ಎತ್ತಿಸಿ. ಮಗ್ಗದ ಕೆಲಸದವರಲ್ಲಿ ಬಹಳಷ್ಟು ಜನರಿಗೆ ಇಎಸ್‌ಐ ಕಾರ್ಡೇ ಇಲ್ಲ. ದಿನ ತಪ್ಪಿದರೆ ಕೂಲಿ ತಪ್ಪಿತು. ಅಸಂಘಟಿತ ಕಾರ್ಮಿಕರಿಗೆ ಅಂತ ನೀವು ಮಾಡುವ ಯೋಜನೆಗಳಲ್ಲಿ ಅಪಘಾತಕ್ಕೆ, ಸಾವಿಗೆ ಪರಿಹಾರ ಇರುತ್ತದೆ. ಬದುಕಿದ್ದೂ ಮೂರು ತಿಂಗಳು ಗಂಟು ಹಾಕಲಾಗದ ಬೆರಳುಗಳಿಗೆ ಏನಿದೆ ಅಂತ ಯೋಚಿಸಿ.

ಕೊನೆಯದು ನನ್ನ ಕಸುಬಿಗೇ ಸೇರಿದ್ದು. ಲ್ಯಾಬ್ ರಿಪೋರ್ಟ್‌ಗಳ ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಈ ಫಲಿತಾಂಶವನ್ನು ರೋಗಿಯ ಲಕ್ಷಣಗಳ ಜೊತೆ ಸೇರಿಸಿ ನೋಡಬೇಕು ಅಂತ. ಅದನ್ನು ಓದಬೇಕಾದ ಚೆಕ್ಕರ್ ಓದಲಾರರು, ಓದಬಲ್ಲ ಮ್ಯಾನೇಜರ್ ಓದುವುದಿಲ್ಲ. ಖಾಸಗಿ ಲ್ಯಾಬ್‌ಗಳೆಲ್ಲ ನಿಮ್ಮ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರುವವು. "ಇದು ಕೆಲಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರವಲ್ಲ" ಅಂತ ಪ್ರತಿ ರಿಪೋರ್ಟಿನ ಮೇಲೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಬೇಕು ಅಂತ ಒಂದು ಆದೇಶ ಹೊರಡಿಸಿ. ನಮ್ಮ ಮಾಲೀಕರನ್ನು ಕೇಳಿದ್ದೇನೆ. ಸರ್ಕಾರ ಹೇಳಿದರೆ ನಾಳೆಯೇ ಹಾಕೋಣ ಅಂದಿದ್ದಾರೆ.

ಮುಂಗಾರು ಬಂದರೆ ಸೊಳ್ಳೆ, ಸೊಳ್ಳೆ ಬಂದರೆ ಜ್ವರ. ಅದಕ್ಕೆ ಮುಂಚೆ ಆ ಎರಡು ಪುಟದ ಸುತ್ತೋಲೆಯಾದರೂ ತಾಲ್ಲೂಕುಗಳಿಗೆ ತಲುಪಲಿ ಅಂತ ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ದೊಡ್ಡಬಳ್ಳಾಪುರ